ಒಂದಡಿಗೆ ಮೂರು ನೂಲು

ನಾನು ಕೆಲಸ ಬಿಟ್ಟದ್ದು ೨೦೦೮ರ ಫೆಬ್ರವರಿಯಲ್ಲಿ. ಆಗ ನನಗೆ ಮೂವತ್ತೈದು. ನಿವೃತ್ತಿ ಎಂದರೆ ಜನ ನಗುತ್ತಾರೆ. ಆದರೆ ಹದಿನಾಲ್ಕು ವರ್ಷ ಫೈಬರ್ ಧೂಳು ಕುಡಿದ ಎದೆಗೆ ನನ್ನ ವಯಸ್ಸು ಗೊತ್ತಿಲ್ಲ. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಇನ್ನು ಆ ಕಡೆ ತಲೆ ಹಾಕಬೇಡಿ" ಎಂದರು. ಹಾಕಲಿಲ್ಲ.

ನಮ್ಮ ಕೆಲಸ ಸ್ಲಾಟ್ ಕಾರಿನ ಬಾಡಿ ಮಾಡುವುದು. ಮೇಜಿನ ಮೇಲೆ ಜೋಡಿಸುವ ಪ್ಲಾಸ್ಟಿಕ್ ರಸ್ತೆ, ಅದರ ನಡುವೆ ಒಂದು ಸೀಳು, ಸೀಳಿನ ಎರಡು ಪಕ್ಕ ಕರೆಂಟು ಹರಿಯುವ ಲೋಹದ ಪಟ್ಟಿ. ಕಾರಿನ ಹೊಟ್ಟೆಯಡಿ ಇರುವ ಸಣ್ಣ ನಾಲಿಗೆ ಆ ಸೀಳಿನಲ್ಲಿ ಕೂತು ಓಡುತ್ತದೆ. ವಿದೇಶದಲ್ಲಿ ದೊಡ್ಡವರೇ ಇದನ್ನು ಆಡುತ್ತಾರೆ, ಮತ್ತು ಅಳತೆಯ ವಿಷಯದಲ್ಲಿ ಅವರು ಹೆಣ್ಣು ಕೊಡುವವರಿಗಿಂತ ಕಠಿಣ. ನಿಜವಾದ ಕಾರಿನ ಮೂವತ್ತೆರಡರಲ್ಲಿ ಒಂದು ಭಾಗ ಎಂದರೆ ಒಂದೇ ಭಾಗ. ತುಮಕೂರಿನ ನಮ್ಮ ಶೆಡ್ಡಿನಲ್ಲಿ ಹಾಲೆಮರದಲ್ಲಿ ಅಚ್ಚು ಕೆತ್ತಿ, ಅದರ ಮೇಲೆ ಫೈಬರ್ ಹಾಸಿ ಬಾಡಿ ತೆಗೆದು, ಬೆಂಗಳೂರಿನ ಏಜೆಂಟರ ಮೂಲಕ ಹೊರದೇಶಕ್ಕೆ ಕಳಿಸುತ್ತಿದ್ದೆವು. ನಾನು ಕೆತ್ತಿದ ಅಚ್ಚು ೧೪೩. ತಿರಸ್ಕಾರವಾದದ್ದು ೩೭. ಈ ಲೆಕ್ಕ ನನ್ನ ಹದಿನಾಲ್ಕು ಡೈರಿಗಳಲ್ಲಿದೆ.

ಹೊಸದಾಗಿ ಮಾಡೆಲ್ ಕೆಲಸಕ್ಕೆ ಸೇರಿದ ಒಂದಿಬ್ಬರು ಗುಬ್ಬಿಯ ನಮ್ಮ ಮನೆಗೆ ಬಂದು ಅಳತೆ ವಿಚಾರ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಂಬಳ ಯಾವಾಗ ಏರಿತು, ಯಾವ ವರ್ಷ ನನಗೆ ಮುಖ್ಯ ಮೇಜು ಕೊಟ್ಟರು ಅನ್ನುವುದು ಅವರಿಗೆ ಬೇಡ. ಬೇಕಾದದ್ದು ನನ್ನ ತಪ್ಪುಗಳು. ಅದರಲ್ಲಿ ಒಂದು ತಪ್ಪಿನಿಂದ ಖಲಂದರ್ ಸಾಬರು ತಮ್ಮ ಮೇಜು ಕಳೆದುಕೊಂಡರು. ಸಾಬರೂ ಅವರ ಹೆಂಡತಿಯೂ ಈಗ ಇಲ್ಲ. ಇದ್ದಿದ್ದರೆ ಬರೆಯುತ್ತಿರಲಿಲ್ಲ.

ಖಲಂದರ್ ಸಾಬರನ್ನು ನಾವೆಲ್ಲ ಉಸ್ತಾದ್ ಎನ್ನುತ್ತಿದ್ದೆವು. ಮೊದಲು ಲಾರಿ ಬಾಡಿ ಕಟ್ಟುತ್ತಿದ್ದ ಬಡಗಿ. ಇಂಗ್ಲಿಷ್ ಓದು ಬಾರದು, ಮಿಲಿಮೀಟರ್ ಬಾರದು. ೧೯೯೪ರ ಜೂನ್ ೬ ನನ್ನ ಮೊದಲ ದಿನ. ಐಟಿಐನಲ್ಲಿ ಡ್ರಾಫ್ಟ್ಸ್‌ಮನ್ ಕೋರ್ಸ್ ಮುಗಿಸಿದ ಜಂಬದಲ್ಲಿ ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದೆ.

"ಏನಪ್ಪಾ ಡ್ರಾಫ್ಟ್ಸ್‌ಮನ್, ಏನ್ ಒತ್ತಾ ಇದೀಯಾ?"

"ಕಾರಿನ ಉದ್ದ ಹದಿನಾಲ್ಕಡಿ ಇದೆ ಉಸ್ತಾದ್. ಮಿಲಿಮೀಟರ್ ಮಾಡಿ, ಮೂವತ್ತೆರಡರಿಂದ ಭಾಗಿಸ್ತಾ ಇದೀನಿ."

"ನಲವತ್ತೆರಡು ನೂಲು. ಐದೂಕಾಲು ಇಂಚು. ಎದ್ದೇಳು, ಮರ ತಗೊಂಡ್ ಬಾ."

ಕ್ಯಾಲ್ಕುಲೇಟರ್ ೧೩೩.೩೫ ಅಂದಿತು. ಇಂಚಿಗೆ ತಿರುಗಿಸಿದರೆ ಐದೂಕಾಲು. ನಾನು ಎದ್ದು ಮರ ತಂದೆ.

ಬಡಗಿಗಳಿಗೆ ಇಂಚಿನ ಎಂಟನೇ ಒಂದು ಭಾಗ ಎಂದರೆ ಒಂದು ನೂಲು. ಒಂದಡಿಯನ್ನು ಮೂವತ್ತೆರಡು ಭಾಗ ಮಾಡಿದರೆ ಒಂದೊಂದು ಭಾಗವೂ ಸರಿಯಾಗಿ ಮೂರು ನೂಲು. ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ. "ಒಂದಡಿಗೆ ಮೂರು ನೂಲು. ವಿಲಾಯತಿಯವ್ರು ಈ ಲೆಕ್ಕ ಇಟ್ಟಿರೋದೇ ನಮ್ಮಂಥೋರ್ಗೆ ಕಣೋ" ಎನ್ನುತ್ತಿದ್ದರು. ಏಜೆಂಟರ ನಕ್ಷೆಯಲ್ಲಿ ಚಿತ್ರ ಮಾಡೆಲ್ಲಿನ ಗಾತ್ರಕ್ಕೇ ಇರುತ್ತಿತ್ತು, ಅಂಕಿ ಮಾತ್ರ ನಿಜವಾದ ಕಾರಿನದು. ನಕ್ಷೆ ಬಂದರೆ ಅದರಲ್ಲಿ ಇಂಗ್ಲಿಷಿನಲ್ಲಿ ಬರೆದ ಅಂಕಿಗಳನ್ನು ನಾನು ಓದಿ ಹೇಳಬೇಕು: ಉದ್ದ, ಅಗಲ, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ. ಉಸ್ತಾದ್ ಅದನ್ನು ಮನಸ್ಸಿನಲ್ಲೇ ನೂಲಿಗೆ ಇಳಿಸಿ ಮರದ ಮೇಲೆ ಗೆರೆ ಹಾಕುತ್ತಿದ್ದರು. ಬಾಗಿಲು, ಕಿಟಕಿ, ದೀಪ, ಉಳಿದದ್ದನ್ನೆಲ್ಲ ಆ ಮೂರು ಅಳತೆಯ ಮೇಲೆ ಕೂರಿಸುತ್ತಿದ್ದರು. ಅಂಕಿ ಇಲ್ಲದ ನಕ್ಷೆ ಬಂದರೆ ಮಾತ್ರ ಕೈವಾರ ಇಟ್ಟು ಚಿತ್ರವನ್ನೇ ಅಳೆಯುತ್ತಿದ್ದರು, ಅದೂ ಗೊಣಗಿಕೊಂಡು.

ನನ್ನ ಮೊದಲ ದೊಡ್ಡ ಎಡವಟ್ಟು ಅದೇ ವರ್ಷದ ನವೆಂಬರಿನದು. ನಕ್ಷೆ ಇರಲಿಲ್ಲ, ಒಂದು ಫೋಟೋ ಇತ್ತು. ಮುಂದಿನ ಮೂಲೆಯಿಂದ ತೆಗೆದದ್ದು. ನಾನು ಸ್ಕೇಲ್ ಇಟ್ಟು ಅಳೆದು ನಾಲ್ಕು ದಿನ ಕೆತ್ತಿದೆ. ಕ್ಯಾಮೆರಾಗೆ ಹತ್ತಿರ ಇರುವುದು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಮರೆತಿದ್ದೆ.

ಉಸ್ತಾದ್ ಅಚ್ಚನ್ನು ಅಂಗೈಲಿಟ್ಟು ತಿರುಗಿಸಿದರು. "ಏನ್ಲಾ ಇದು, ಕಾರೋ ಹಂದಿಯೋ?"

"ಲೆಕ್ಕ ಸರಿ ಇದೆ ಉಸ್ತಾದ್."

"ಲೆಕ್ಕ ಸರಿ ಇದ್ರೆ ಮುಂದ್ಗಡೆ ಚಕ್ರಕ್ಕೆ ಇಡ್ಲಿ ತಟ್ಟೆ ಹಾಕು, ಹಿಂದ್ಗಡೆ ಚಕ್ರಕ್ಕೆ ಅಂಗಿ ಗುಂಡಿ ಹಾಕು. ಓಡತ್ತೆ."

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ನಾನು ಡೈರಿಯಲ್ಲಿ ಬರೆದೆ: ನ. ೧೮, ಅಚ್ಚು ವ್ಯರ್ಥ, ಕಾರಣ ನಾನು.

ಎರಡನೆಯ ಪಾಠ ಅಗಲದ್ದು. ಏಜೆಂಟರು ಕಳಿಸುವ ರೆಡಿಮೇಡ್ ಟೈರುಗಳು ಅಳತೆಗಿಂತ ದಪ್ಪ. ಬಾಡಿಯನ್ನು ಲೆಕ್ಕದಂತೆ ಮಾಡಿದರೆ ಟೈರು ಎರಡೂ ಕಡೆ ಆಚೆ ಇಣುಕುತ್ತದೆ. ಆಚೆ ಬಂದರೆ ಮಾಲು ವಾಪಸ್. ಹಾಗೆಂದು ಪೂರ್ತಿ ಅಗಲ ಮಾಡಿದರೆ ಕಾರು ಕಪ್ಪೆಯಾಗುತ್ತದೆ. ಉಸ್ತಾದ್ ಚಾವಣಿಯನ್ನು, ಕಿಟಕಿಯನ್ನು ಮುಟ್ಟದೆ, ಚಕ್ರದ ಮೇಲಿನ ಕಮಾನಿನಲ್ಲಿ ಮಾತ್ರ ಅರ್ಧರ್ಧ ನೂಲು ಉಬ್ಬಿಸುತ್ತಿದ್ದರು. ಉಪ್ಪುಕಾಗದ ಹಾಕಿ ಉಜ್ಜಿದ ಮೇಲೆ ಆ ಉಬ್ಬು ಎಲ್ಲಿ ಶುರುವಾಯಿತೆಂದು ನನಗೇ ಗೊತ್ತಾಗುತ್ತಿರಲಿಲ್ಲ. ಇದನ್ನು ನಾನು ಕಲಿಯಲು ಮೂರು ವರ್ಷ ಹಿಡಿಯಿತು. ಕೊನೆಯ ವರ್ಷಗಳಲ್ಲಿ ಕಂಪ್ಯೂಟರಿನಲ್ಲಿ ನಕ್ಷೆ ಬಂತು, ಅದರಲ್ಲಿ ಉಬ್ಬು ಹಾಕಿಯೇ ಕಳಿಸುತ್ತಿದ್ದರು. ಆ ಉಬ್ಬುಗಳು ಬಾವಿನ ಹಾಗೆ ಕಾಣುತ್ತಿದ್ದವು.

ಇನ್ನು ಹೇಳಬೇಕಾದ್ದಕ್ಕೆ ಬರುತ್ತೇನೆ.

೧೯೯೯ರ ಜುಲೈನಲ್ಲಿ ದೊಡ್ಡ ಅಳತೆಯ ಒಂದು ಆರ್ಡರ್ ಬಂತು. ಅದು ಇಪ್ಪತ್ತನಾಲ್ಕರಲ್ಲಿ ಒಂದು ಭಾಗ. ಈ ಅಳತೆಯಲ್ಲಿ ಒಂದಡಿಗೆ ನಾಲ್ಕು ನೂಲು. ಉಸ್ತಾದ್ ಶುಕ್ರವಾರ ಬೆಳಿಗ್ಗೆ ನಾಲ್ಕರ ಲೆಕ್ಕದಲ್ಲಿ ಉದ್ದದ ಗೆರೆ ಹಾಕಿದರು. ನಮಾಜಿಗೆ ಹೋಗಿ ಬಂದು ಅಗಲದ ಗೆರೆ ಹಾಕಿದರು. ವರ್ಷಗಟ್ಟಲೆಯ ಅಭ್ಯಾಸ, ಕೈ ತಾನಾಗಿ ಮೂರಕ್ಕೆ ಇಳಿದಿತ್ತು. ಸೌತೆಕಾಯಿಯಂಥ ಕಾರು ಬಂತು. ಅವರೇ ಬಿದ್ದು ಬಿದ್ದು ನಕ್ಕರು. "ಅಲ್ಲಾ, ಕೈಗೆ ಮೂರೇ ರೂಢಿ ಆಗೋಗದೆ ಕಣ್ರೋ."

ನಮ್ಮ ಮಾಲೀಕರು ಸದಾಶಿವಯ್ಯನವರು. ಅವರು ನಗಲಿಲ್ಲ. "ಸಾಬರಿಗೆ ಅರವತ್ತು ಹತ್ತಿರ ಆಯ್ತು. ಕಣ್ಣು ಹೆಂಗಿದೆಯೋ ನೋಡ್ಕೋ" ಎಂದು ನನಗೆ ಮೆಲ್ಲಗೆ ಹೇಳಿದರು. ಅಂದು ಸಂಜೆ ಡೈರಿಯ ಹಿಂದಿನ ಪುಟಗಳಲ್ಲಿ ಎರಡು ಕಲಂ ಗೆರೆ ಹಾಕಿದೆ. ಒಂದರ ಮೇಲೆ 'ಉ', ಇನ್ನೊಂದರ ಮೇಲೆ 'ನಾ'. ಉಸ್ತಾದರ ತಪ್ಪು, ನನ್ನ ತಪ್ಪು. ನಾನು ನ್ಯಾಯವಾಗಿಯೇ ನಡೆದುಕೊಳ್ಳುತ್ತಿದ್ದೇನೆ ಅಂದುಕೊಂಡಿದ್ದೆ.

ಆ ಆಗಸ್ಟಿನಲ್ಲಿ ಶೆಡ್ಡಿಗೆ ಫ್ಯಾಕ್ಸ್ ಮೆಷಿನ್ ಬಂತು. ಅಲ್ಲಿಯವರೆಗೆ ನಕ್ಷೆಗಳು ಅಂಚೆಯಲ್ಲಿ, ದೊಡ್ಡ ಹಾಳೆಯಲ್ಲಿ, ನಾಲ್ಕೈದು ದಿನಕ್ಕೆ ಬರುತ್ತಿದ್ದವು. ಈಗ ಬೆಂಗಳೂರಿನಿಂದ ಹತ್ತು ನಿಮಿಷಕ್ಕೆ ಬರುತ್ತಿದ್ದವು, ನುಣುಪಾದ ಸುರುಳಿ ಕಾಗದದಲ್ಲಿ. ಜತೆಗೆ ಮಾಲೀಕರು ಒಂದು ವರ್ನಿಯರ್ ಕ್ಯಾಲಿಪರ್ ತಂದು ನನ್ನ ಕೈಗಿಟ್ಟರು. "ಇನ್ಮೇಲೆ ಪ್ರತಿಯೊಂದು ಅಚ್ಚನ್ನೂ ನಕ್ಷೆ ಮೇಲಿಟ್ಟು ಚೆಕ್ ಮಾಡು ನಟರಾಜ. ಸೈನ್ ಹಾಕು." ಅಳತೆ ತಪಾಸಣೆಯ ಅಧಿಕಾರ ನನಗೆ ಬಂದದ್ದು ಹಾಗೆ.

ಸೆಪ್ಟೆಂಬರ್ ೨೧ರಂದು ಉಸ್ತಾದರ ಅಚ್ಚನ್ನು ಮೊದಲ ಸಲ ಫ್ಯಾಕ್ಸ್ ನಕ್ಷೆಯ ಮೇಲಿಟ್ಟೆ. ಚಕ್ರದ ಅಂತರ ಸುಮಾರು ಮೂರು ಮಿಲಿಮೀಟರ್ ಜಾಸ್ತಿ. ಅವರನ್ನು ಕರೆದೆ.

"ಉಸ್ತಾದ್, ಒಂದು ನೂಲು ಹೆಚ್ಚಿದೆ."

"ಎಂಟಡಿ ಅಂತ ಓದಿದ್ದು ನೀನೇ ಅಲ್ವೇನೋ? ಎಂಟ್ ಮೂರ್ಲೆ ಇಪ್ಪತ್ನಾಲ್ಕು. ಎಣಿಸ್ಕೋ."

"ನಕ್ಷೆ ಮೇಲಿಟ್ಟು ನೋಡಿ."

ನೋಡಿದರು. ಮೂತಿಯೂ ಬಾಲವೂ ಗೆರೆಯಿಂದ ಆಚೆ ಚಾಚಿದ್ದವು. ತಲೆಯನ್ನು ಹಿಂದಕ್ಕೆ ತಂದು ನೋಡಿದರು, ಹತ್ತಿರ ಬಗ್ಗಿ ನೋಡಿದರು. ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಂಡರು. "ಇದ್ರೂ ಇರ್ಬೋದು. ಉಜ್ಜಿ ಸರಿ ಮಾಡು" ಎಂದು ಹೋದರು.

ನಾನು ಕೊಯ್ದು, ಅಂಟಿಸಿ, ಉಜ್ಜಿ ಸರಿ ಮಾಡಿದೆ. 'ಉ' ಕಲಮಿನಲ್ಲಿ ಒಂದು ಗೀಟು ಎಳೆದೆ.

ಹದಿನಾಲ್ಕು ತಿಂಗಳಲ್ಲಿ ಉಸ್ತಾದ್ ಕೆತ್ತಿದ ಅಚ್ಚು ಹತ್ತೊಂಬತ್ತು. ಸರಿ ಬಂದದ್ದು ಎಂಟು. ತಪ್ಪಿದ್ದು ಹನ್ನೊಂದು. ಆ ಹನ್ನೊಂದನ್ನೂ ಕೊಯ್ದು ನಕ್ಷೆಯ ಗೆರೆಗೆ ತಂದವನು ನಾನು. ಅದೇ ಅವಧಿಯಲ್ಲಿ ನಾನು ನಕ್ಷೆಗೇ ವರ್ನಿಯರ್ ಹಿಡಿದು ಕೆತ್ತಿದ್ದು ಹದಿನಾರು, ತಪ್ಪಿದ್ದು ಒಂದು. ಪ್ರತಿ ಸಲವೂ ಉಸ್ತಾದ್ ಮೊದಲಿನ ಹಾಗೆ ವಾದಿಸುವುದು ಕಮ್ಮಿಯಾಗುತ್ತ ಬಂತು. ಆರನೆಯದರ ಹೊತ್ತಿಗೆ, ನಾನು ವರ್ನಿಯರ್ ತೆಗೆದರೆ ಸಾಕು, ಅವರೇ "ಎಷ್ಟು ಜಾಸ್ತಿ?" ಎಂದು ಕೇಳುತ್ತಿದ್ದರು. ಕಿಟಕಿಯ ಪಕ್ಕಕ್ಕೆ ಮೇಜು ಸರಿಸಿಕೊಂಡರು. ಗೆರೆಯನ್ನು ಎರಡೆರಡು ಸಲ ಹಾಕತೊಡಗಿದರು. ತಮ್ಮ ಕೈಯಲ್ಲಿದ್ದ ಉಳಿಯನ್ನೇ ಸಂಶಯದಿಂದ ನೋಡುವ ಬಡಗಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

೨೦೦೦ದ ನವೆಂಬರಿನಲ್ಲಿ ಮಾಲೀಕರು ಇಬ್ಬರನ್ನೂ ಒಳಗೆ ಕರೆದರು. "ನಟರಾಜ, ನಿನ್ ಪುಸ್ತಕ ತಗೊಂಡ್ ಬಾ. ಓದು."

ತಾರೀಖಿನ ಸಮೇತ ಓದಿದೆ. ಯಾವ ಕಾರು, ಎಷ್ಟು ಹೆಚ್ಚು. ಮಧ್ಯೆ ನನ್ನದೊಂದು ತಪ್ಪಿತ್ತು, ಅದನ್ನೂ ಓದಿದೆ. ಉಸ್ತಾದ್ ಸ್ಟೂಲಿನ ಮೇಲೆ ಕೂತು ಕೇಳಿದರು.

"ಅಷ್ಟೊಂದಾ?" ಎಂದರು.

"ಬೇಜಾರ್ ಮಾಡ್ಕೋಬೇಡಿ ಸಾಬ್ರೇ," ಮಾಲೀಕರು ಹೇಳಿದರು. "ಮೊದ್ಲು ಕಣ್ಣು ತೋರಿಸ್ಕೊಳ್ಳಿ. ಕ್ಯಾಂಪುಗಳು ಆಗ್ತಾ ಇರ್ತವೆ. ಸರಿ ಹೋದ್ಮೇಲೆ ಬನ್ನಿ, ನಿಮ್ ಮೇಜು ಎಲ್ಲೂ ಹೋಗಲ್ಲ."

ಉಸ್ತಾದ್ ಎದ್ದು ನನ್ನ ಬೆನ್ನು ತಟ್ಟಿದರು. "ಒಳ್ಳೇ ಲೆಕ್ಕ ಇಟ್ಟಿದೀಯ ಕಣೋ." ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಇವತ್ತು ಸ್ವಲ್ಪ ಹಗುರವಾಗಿರುತ್ತಿತ್ತು. ಆಮೇಲೆ ಅವರು ಬರಲಿಲ್ಲ. ಹೆಂಡತಿಯ ತವರು ಕುಣಿಗಲ್, ಅಲ್ಲಿಗೆ ಹೋದರಂತೆ ಎಂದು ಮಾತ್ರ ತಿಳಿಯಿತು. ಜನವರಿಯಲ್ಲಿ ಮಾಲೀಕರು ಅವರ ಮೇಜನ್ನು ನನಗೇ ಕೊಟ್ಟರು.

೨೦೦೧ರ ಜುಲೈ ೧೦ರಂದು ಹೊರದೇಶದಿಂದ ಒಂದು ಪೆಟ್ಟಿಗೆ ವಾಪಸ್ ಬಂತು. ಅದರಲ್ಲಿ ನಮ್ಮ ಬಾಡಿಗಳ ಜತೆ ಬೇರೆ ಯಾರೋ ಮಾಡಿದ ಅದೇ ಕಾರಿನ ಒಂದು ಬಾಡಿಯೂ ಇತ್ತು. ಪತ್ರದಲ್ಲಿ ಬರೆದಿದ್ದರು: ಒಂದೂವರೆ ವರ್ಷದಿಂದ ನಿಮ್ಮ ಎಲ್ಲ ಗಾಡಿಗಳೂ ಚಿಕ್ಕದಾಗಿ ಬರುತ್ತಿವೆ, ಪಕ್ಕದಲ್ಲಿಟ್ಟು ನೋಡಿಕೊಳ್ಳಿ.

ಪಕ್ಕದಲ್ಲಿಟ್ಟೆ. ನಮ್ಮದು ತಮ್ಮನ ಹಾಗಿತ್ತು. ವರ್ನಿಯರ್ ಹಿಡಿದೆ: ಚಕ್ರದ ಅಂತರ ನಮ್ಮದು ೭೩, ಅವರದು ೭೬ ಚಿಲ್ಲರೆ. ಫ್ಯಾಕ್ಸ್ ನಕ್ಷೆ ತೆಗೆದು ಅಳೆದೆ, ಅದೂ ೭೩. ಆಗ ನಕ್ಷೆಯ ಅಂಚಿನಲ್ಲಿ ಬರೆದಿದ್ದ ಅಂಕಿಯನ್ನು ಓದಿದೆ. ಎಂಟಡಿ. ಎಂಟು ಮೂರ್ಲೆ ಇಪ್ಪತ್ತನಾಲ್ಕು ನೂಲು, ಅಂದರೆ ಮೂರು ಇಂಚು, ಅಂದರೆ ೭೬.೨.

ಫ್ಯಾಕ್ಸಿಗೆ ಮುಂಚೆ ಅಂಚೆಯಲ್ಲಿ ಬಂದಿದ್ದ ಒಂದು ಹಳೆಯ ನಕ್ಷೆ ತೆಗೆದುಕೊಂಡು ಬಿ.ಎಚ್. ರಸ್ತೆಯ ಎಸ್‌ಟಿಡಿ ಬೂತಿಗೆ ಹೋಗಿ, ಅಲ್ಲಿಂದ ನಮ್ಮ ಶೆಡ್ಡಿಗೇ ಫ್ಯಾಕ್ಸ್ ಮಾಡಿಸಿದೆ. ವಾಪಸ್ ಬಂದು ಎರಡನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದೆ. ಫ್ಯಾಕ್ಸಿನ ಚಿತ್ರ ನೂರಕ್ಕೆ ನಾಲ್ಕು ಪಾಲು ಕುಗ್ಗಿತ್ತು. ಕಳಿಸಿದವರ ನಂಬರು, ತಾರೀಖು ಹಾಳೆಯ ತಲೆಯಲ್ಲಿ ಒಂದು ಸಾಲು ಅಚ್ಚಾಗುತ್ತದಲ್ಲ, ಅದಕ್ಕೆ ಜಾಗ ಮಾಡಲು ನಮ್ಮ ಮೆಷಿನ್ ಚಿತ್ರವನ್ನೇ ಚಿಕ್ಕದು ಮಾಡುತ್ತಿತ್ತು. ಮೆಷಿನ್ ಜತೆ ಬಂದ ಪುಸ್ತಕದಲ್ಲಿ ಅದು ಒಂದೇ ಸಾಲಿನಲ್ಲಿ ಬರೆದಿತ್ತು. ನಾನು ಓದಿರಲಿಲ್ಲ.

ಈಗ ಕಲಿಯುವವರು ಇಲ್ಲಿ ನಿಂತು ಓದಿ. ಚಿತ್ರ ಕುಗ್ಗುತ್ತದೆ, ಹಿಗ್ಗುತ್ತದೆ. ಬರೆದ ಅಂಕಿ ಕುಗ್ಗುವುದಿಲ್ಲ. ನಕ್ಷೆಯನ್ನು ಅಳೆಯಬೇಡ, ಓದು ಎಂದು ಐಟಿಐನಲ್ಲಿ ಮೊದಲ ವಾರವೇ ನನಗೆ ಹೇಳಿಕೊಟ್ಟಿದ್ದರು. ಓದು ಬಾರದ ಉಸ್ತಾದ್ ಆ ನಿಯಮ ಪಾಲಿಸಿದರು, ಓದಿದ ನಾನು ಮುರಿದೆ.

ಅದಕ್ಕಿಂತ ಕೆಟ್ಟದ್ದು ನನ್ನ ಪುಸ್ತಕದಲ್ಲೇ ಇತ್ತು. ಹನ್ನೊಂದು ತಪ್ಪುಗಳೂ ಜಾಸ್ತಿಯ ಕಡೆಗೇ ಇದ್ದವು. ಒಂದೂ ಕಮ್ಮಿಯ ಕಡೆಗೆ ಇರಲಿಲ್ಲ. ಮಂಜಾದ ಕಣ್ಣಿನ ತಪ್ಪು ಒಮ್ಮೆ ಆಚೆ, ಒಮ್ಮೆ ಈಚೆ ಬೀಳುತ್ತದೆ. ಎಲ್ಲ ತಪ್ಪೂ ಒಂದೇ ಕಡೆಗೆ, ಒಂದೇ ಪ್ರಮಾಣದಲ್ಲಿ ಬಿದ್ದರೆ ಕೈಯನ್ನಲ್ಲ, ಅಳತೆಗೋಲನ್ನು ನೋಡಬೇಕು. ಇನ್ನೊಂದು, ಸರಿ ಬಂದಿದ್ದ ಆ ಎಂಟು ಅಚ್ಚುಗಳ ನಕ್ಷೆ ತೆಗೆದು ನೋಡಿದೆ. ಎಂಟರಲ್ಲೂ ಅಂಕಿ ಇರಲಿಲ್ಲ. ಉಸ್ತಾದ್ ಗೊಣಗಿಕೊಂಡು ಚಿತ್ರವನ್ನೇ ಅಳೆದಿದ್ದರು. ಅಂದರೆ ನಾನು ಸರಿ ಎಂದು ಸಹಿ ಹಾಕಿದ ಎಂಟು ತಪ್ಪು, ತಪ್ಪು ಎಂದು ಕೊಯ್ದ ಹನ್ನೊಂದು ಸರಿ. ಎಲ್ಲವೂ ತಾರೀಖಿನ ಪ್ರಕಾರ ನನ್ನ ಕೈಬರಹದಲ್ಲೇ ಇತ್ತು. ನಾನು ಎಣಿಸಿದ್ದೆನೇ ಹೊರತು ನೋಡಿರಲಿಲ್ಲ.

ಮಾಲೀಕರಿಗೆ ಹೇಳಿದೆ. "ಹೋಗಿ ಸಾಬರನ್ನ ಕರ್ಕೊಂಡ್ ಬಾ. ನಾನು ಕರೆದೆ ಅಂತ ಹೇಳು" ಎಂದರು. ಜುಲೈ ೧೫, ಭಾನುವಾರ, ಕುಣಿಗಲ್ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ನಾಚಿಕೆ ಇತ್ತು, ಆದರೆ ಅವರ ಮೇಜು ಅವರಿಗೆ ವಾಪಸ್ ಸಿಗುತ್ತದೆ ಎಂಬ ಸಮಾಧಾನವೂ ಇತ್ತು.

ಕೆರೆ ಏರಿಯ ಕೆಳಗಿನ ಬೀದಿಯಲ್ಲಿ ಮನೆ. ಉಸ್ತಾದ್ ಹೊಸ್ತಿಲಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ನಾನು ಕೆಮ್ಮಿದೆ.

"ಆ ಕೆಮ್ಮು ಗುಬ್ಬಿ ಡ್ರಾಫ್ಟ್ಸ್‌ಮನ್ದು," ಎಂದು ತಲೆಯೆತ್ತಿದರು. ಬಲಗಣ್ಣು ಬೆಂದ ಮೊಟ್ಟೆಯ ಹಾಗೆ ಬಿಳಿ.

"ಏನಾಯ್ತು ಉಸ್ತಾದ್ ಇದು?"

"ಜನವರೀಲಿ ಕ್ಯಾಂಪ್‌ನಲ್ಲಿ ಆಪ್ರೇಷನ್ ಮಾಡಿಸ್ದೆ. ಆಮೇಲೆ ಕೀವಾಯ್ತು, ಹೋಯ್ತು. ಇನ್ನೊಂದ್ ಅದೆಯಲ್ಲ, ಬುಡು."

"ಪೊರೆ ಅಷ್ಟೊಂದು ಬಂದಿತ್ತಾ?"

"ಒಂಚೂರು ಇತ್ತಂತೆ. ಈಗ್ಲೇ ಬ್ಯಾಡ, ಎರಡ್ ವರ್ಷ ಬಿಟ್ಟು ಬನ್ನಿ ಅಂದ್ರು ಡಾಕ್ಟ್ರು. ನಾನೇ ಹೇಳ್ದೆ, ಇಲ್ಲ ಸಾರ್, ನಂದು ಕಣ್ಣಿನ ಕೆಲಸ, ಹನ್ನೊಂದು ತಪ್ಪು ಮಾಡಿದೀನಿ ಅಂತ."

ಹನ್ನೊಂದು ಎಂಬ ಸಂಖ್ಯೆಯನ್ನು ಅವರು ಮರೆತಿರಲಿಲ್ಲ. ಬಸ್ಸಿನಲ್ಲಿ ಜೋಡಿಸಿದ ಮಾತೆಲ್ಲ ಹೋಯಿತು. ಅವರ ಪಕ್ಕ ನೆಲದ ಮೇಲೆ ಕೂತು, ಮೆಷಿನ್ ವಿಷಯ, ಹಳೆ ನಕ್ಷೆ ವಿಷಯ, ಎಪ್ಪತ್ತಾರು ಎಪ್ಪತ್ಮೂರರ ವಿಷಯ ತಡವರಿಸಿಕೊಂಡು ಹೇಳಿದೆ.

ಅವರ ಬೆರಳು ಕಡಲೆಕಾಯಿಯ ಮೇಲೆ ನಿಂತಿತು. "ಹನ್ನೊಂದೂ ಸರಿ ಇತ್ತಾ?"

"ಹನ್ನೊಂದೂ."

"ಒಂದೂ ತಪ್ಪಿರ್ಲಿಲ್ವಾ?"

"ಇಲ್ಲ ಉಸ್ತಾದ್."

ಕೈಯಲ್ಲಿದ್ದ ಕಡಲೆಕಾಯಿಯನ್ನು ಬಿಡಿಸದೆ ಹಾಗೇ ಕೆಳಗಿಟ್ಟರು. ಆಮೇಲೆ, "ನಂಗೆ ಅನ್ನಿಸ್ತಿತ್ತು ಕಣೋ. ಗೆರೆ ಹಾಕೋವಾಗ ಸರಿಯಾಗೇ ಕಾಣ್ತಿತ್ತು. ನನ್ ಕಣ್ಣು ನಾನು ನಂಬ್ಲಿಲ್ಲ. ನಿನ್ ಬರವಣಿಗೆ ನಂಬ್ದೆ" ಎಂದರು.

ಒಳಗೆ ಪಾತ್ರೆಯ ಸದ್ದಾಯಿತು. ಉಸ್ತಾದ್ ಬಗ್ಗಿ ನನ್ನ ಮೊಣಕೈ ಹಿಡಿದರು. ಹಿಡಿತ ಮೊದಲಿನಷ್ಟೇ ಗಟ್ಟಿಯಿತ್ತು. ದನಿ ತಗ್ಗಿಸಿದರು. "ಇದನ್ನ ಅವಳಿಗೆ ಹೇಳ್ಬೇಡ. ಆಪ್ರೇಷನ್ ದಿನ ನಾನು ಹೆದರಿ ಕ್ಯಾಂಪ್ ಬಾಗ್ಲಿಂದ ವಾಪಸ್ ಬಂದ್ಬಿಟ್ಟಿದ್ದೆ. ಅವಳೇ ಬೈದು, ಕೈ ಹಿಡ್ಕೊಂಡು ಒಳಗೆ ಕೂರಿಸಿದ್ದು. ಗೊತ್ತಾದ್ರೆ ಬದುಕಲ್ಲ ಅವಳು."

ಅವರ ಹೆಂಡತಿ ಜಮೀಲಮ್ಮ ಎರಡು ಲೋಟ ಟೀ ಹಿಡಿದು ಬಂದರು. "ಏನ್ ನಟರಾಜಪ್ಪ, ಇಷ್ಟು ದೂರ ಬಂದ್ಬಿಟ್ಟಿದೀಯ? ಇವರನ್ನ ಕೆಲಸಕ್ಕೆ ಕರಿಯಕ್ಕಾ?"

ನಾನು ಉಸ್ತಾದರ ಮುಖ ನೋಡಿದೆ. ಅವರು ಲೋಟದ ಹಬೆ ಊದುತ್ತಿದ್ದರು.

"ಇಲ್ಲಮ್ಮ. ಸುಮ್ನೆ ನೋಡ್ಕೊಂಡ್ ಹೋಗಣ ಅಂತ."

"ನೋಡ್ದ್ಯಲ್ಲ, ಒಂದು ಕಣ್ಣು ಹೋಯ್ತು," ಎಂದು ಆಕೆ ಬಾಗಿಲಿಗೆ ಒರಗಿ ಕೂತರು. "ಎಲ್ಲಾರೂ ನನ್ನೇ ಅಂತಾರೆ, ನೀನ್ಯಾಕೆ ಕರ್ಕೊಂಡ್ ಹೋದೆ ಅಂತ. ಹಂಗೇ ಬುಟ್ಟಿದ್ರೆ ಎರಡೂ ಹೋಗೋದು. ಅಳತೆ ಎಲ್ಲ ತಪ್ಪೋಗ್ತಿತ್ತಂತಲ್ಲ, ನೀನೇ ಬರ್ದಿಟ್ಟಿದ್ದೆಯಂತೆ. ಹೌದೋ ಅಲ್ವೋ ಹೇಳಪ್ಪ."

"ಹೇಳೋ," ಎಂದರು ಉಸ್ತಾದ್, ಇದ್ದ ಒಂದು ಕಣ್ಣನ್ನು ನನ್ನ ಮೇಲೆ ನೆಟ್ಟು.

"ಹೌದಮ್ಮ," ಎಂದೆ. "ತುಂಬಾ ತಪ್ಪೋಗ್ತಿತ್ತು."